ಕೂರಿಸಿ ತೆಗೆದ ಅಳತೆ

ಊರಿಗೆಲ್ಲ ಅಂಗಿ ಪ್ಯಾಂಟು ಹೊಲಿದುಕೊಟ್ಟ ಮನುಷ್ಯ ತಲೆ ನರೆತ ಮೇಲೆ ದೋಣಿ ನಡೆಸುವುದನ್ನು ಕಲಿತ ಅಂದರೆ ಅದೇನು ಶೋಕಿಗಲ್ಲ. ಟೇಲರನ ಹೆಂಡತಿಯ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಡಯಾಲಿಸಿಸ್‌ಗೆಂದು ವಾರಕ್ಕೆ ಮೂರು ಸಲ ಹಿನ್ನೀರಿನ ಆಚೆ ದಡದ ಆಸ್ಪತ್ರೆಗೆ ಹೋಗಲೇಬೇಕು. ಜನರನ್ನು ದಾಟಿಸುತ್ತಿದ್ದ ಲಾಂಚ್ ಕೆಟ್ಟು ಮೂಲೆ ಸೇರಿತ್ತು. ಸುತ್ತು ಬಳಸಿ ಹೋಗುವ ರಸ್ತೆಯೋ, ಗಟ್ಟಿಮುಟ್ಟಾದವರ ಸೊಂಟವನ್ನೇ ಮುರಿಯುವಂಥದ್ದು. ಹಾಗಾಗಿ ಮೀನು ಹಿಡಿಯುವವನೊಬ್ಬನಿಂದ ಹಳೆಯ ದೋಣಿ ಕೊಂಡ, ಇನ್ನೆಲ್ಲಿಂದಲೋ ಹಳೆಯ ಮೋಟಾರು ತಂದ. ಒಂದಕ್ಕೊಂದು ಮುಖಪರಿಚಯವೂ ಇಲ್ಲದ ಇವೆರಡನ್ನೂ ಗಂಟು ಹಾಕಿದ ಪುಣ್ಯಾತ್ಮ ಇವನೇ.

ಮೋಟಾರನ್ನು ದೋಣಿಯ ಹಿಂಭಾಗದ ಹಲಗೆಗೆ ನೇತುಹಾಕಿ ಸ್ಕ್ರೂ ಬಿಗಿಯಬೇಕು, ಅಷ್ಟೇ ಕೆಲಸ. ಆದರೆ ಟೇಲರನ ಕೈ ಸುಮ್ಮನಿರಬೇಕಲ್ಲ! ಈಚೆ ದಡದ ನೀರಿನೊಳಗೆ ಬಂಡೆಗಳಿವೆ, ಮೋಟಾರಿನ ತುದಿಯಲ್ಲಿ ತಿರುಗುವ ಪಂಕ ತಾಗಿ ಮುರಿದರೆ ಏನು ಗತಿ ಎಂಬ ಹೆದರಿಕೆ ಅವನಿಗೆ. ಬಟ್ಟೆ ಕತ್ತರಿಸುವಾಗ ಒಳಮಡಿಕೆಗೆ ಒಂದಿಷ್ಟು ಜಾಸ್ತಿ ಬಿಡುವುದು ಅವನ ಜನ್ಮದ ಅಭ್ಯಾಸ. ಇಲ್ಲಿಯೂ ಹಾಗೆಯೇ ಜಾಸ್ತಿ ಬಿಟ್ಟ. ದಪ್ಪನೆಯ ಮರದ ತುಂಡೊಂದನ್ನು ಕೊಯ್ದು, ಉಜ್ಜಿ, ವಾರ್ನಿಷ್ ಬಳಿದು, ಹಲಗೆಯ ಮೇಲಿಟ್ಟು, ಪಂಕ ಅಷ್ಟು ಮೇಲಕ್ಕೇರಲೆಂದು ಅದರ ಮೇಲೆ ಮೋಟಾರು ಕೂರಿಸಿದ. ಕಾಲರ್ ಚೆನ್ನಾಗಿ ಕೂತಿದೆ ಎಂದು ಹೆಂಡತಿ ನಕ್ಕಳು. ಅವನೂ ನಕ್ಕ. ಒಬ್ಬನೇ ಹೋಗಿ ನೀರಿನಲ್ಲಿ ಒಂದು ಸುತ್ತು ಹಾಕಿ ಬಂದ. ಮೋಟಾರು ಹೇಳಿದ ಮಾತು ಕೇಳಿತು.

ಹೆಂಡತಿ ಹತ್ತಿದ ದಿನ ಶುರುವಾಯಿತು ನೋಡಿ ಪೀಕಲಾಟ. ಅವಳಿಗೆ ಪೆಟ್ರೋಲ್ ವಾಸನೆ ಮೂಗಿಗೆ ಬಡಿದರೆ ಸಾಕು, ಹೊಟ್ಟೆ ತೊಳಸುತ್ತದೆ. ಅದಕ್ಕೇ ದೋಣಿಯ ತೀರಾ ಮುಂದೆ, ದಿಂಬು ಹಾಕಿಕೊಂಡು, ಗಂಡನಿಗೆ ಬೆನ್ನು ಮಾಡಿ ಕೂರುವಳು. ನಡುನೀರಿಗೆ ಬಂದು ಅಲೆ ಎದ್ದಿತೋ ಇಲ್ಲವೋ, ಮೋಟಾರು ಕಿಟಾರನೆ ಕಿರುಚಿತು. ಹಿಂದುಗಡೆ ನೀರೆಲ್ಲ ನೊರೆನೊರೆ, ದೋಣಿ ಮಾತ್ರ ಇದ್ದಲ್ಲೇ. ವೇಗ ಇಳಿಸಿದರೆ ಒಂದು ಗಳಿಗೆ ಎಳೆಯುತ್ತದೆ, ಏರಿಸಿದರೆ ಮತ್ತೆ ಅದೇ ರಾಗ. ಟೇಲರನಿಗೆ ಇಲ್ಲೇ ಮೋಟಾರು ನಿಂತರೆ ಇವಳನ್ನು ಏನು ಮಾಡಲಿ ಎಂಬ ಒಂದೇ ಯೋಚನೆ. ಹೇಗೋ ಆಚೆ ದಡ ಮುಟ್ಟಿದರು. ತಡವಾಗಿ ಬಂದಿರೆಂದು ನರ್ಸಮ್ಮ ಬೈದಳು, ಬೈಸಿಕೊಂಡರು.

ಮೆಕ್ಯಾನಿಕ್ ಬಂದ. ಪಂಕದ ಅಂಚು ಮುಕ್ಕಾಗಿದೆ ಎಂದು ಬೇರೆ ಪಂಕ ಹಾಕಿದ. ಪರೀಕ್ಷೆಗೆಂದು ಟೇಲರನ ಪಕ್ಕದಲ್ಲೇ, ಹಿಂದಿನ ಸೀಟು ತುಂಬುವಂತೆ ಕೂತು, ಒಂದು ಸುತ್ತು ಹೋಗಿ ಬಂದ. ಮೋಟಾರು ಒಂದು ಸಲವಾದರೂ ಕಿರುಚಬೇಕೇ? ಇದು ಅಪ್ಪಟ ಬಂಗಾರ ಎಂದು ಸರ್ಟಿಫಿಕೇಟ್ ಕೊಟ್ಟು ನಡೆದ. ಮಾರನೆಯ ಸಲ ಹೆಂಡತಿ ಕೂತಳು, ಮತ್ತೆ ಅದೇ ಕಿರುಚಾಟ.

"ನಾನು ಹತ್ತಿದ್ರೆ ಮಾತ್ರ ಇದಕ್ಕೆ ಮೈ ಉರಿಯುತ್ತೆ ರೀ. ನನಗೆ ಸವತಿ ತಂದಿದೀರ," ಎಂದಳು.

ತಮಾಷೆಗೆ ಅಂದಿದ್ದೇನೋ ಹೌದು. ಆದರೆ ಮುಂದಿನ ಸರದಿಗೆ ಇವತ್ತು ಸುಸ್ತು, ಬೇಡ ಎಂದು ಮಲಗಿಬಿಟ್ಟಳು. ಈ ಮಹಾರಾಯನಾದರೂ ಗದರಿಸಿ ಎಬ್ಬಿಸಬೇಕೋ ಬೇಡವೋ? ಆ ಕಿರುಚಾಟ ಕೇಳುವುದು ಒಂದು ದಿನ ತಪ್ಪಿತಲ್ಲ ಎಂದು ಒಳಗೊಳಗೇ ನಿಟ್ಟುಸಿರು ಬಿಟ್ಟು ಸುಮ್ಮನಾದ. ಅದರ ಮುಂದಿನ ಸರದಿಯ ಬೆಳಿಗ್ಗೆ ನೋಡುತ್ತಾನೆ, ಹೆಂಡತಿಯ ಮುಖ ಊದಿಕೊಂಡಿದೆ. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತಿದ್ದಾಳೆ. ಸರದಿ ತಪ್ಪಿಸಿದರೆ ನೀರು ಶ್ವಾಸಕೋಶಕ್ಕೆ ಏರುತ್ತದೆ, ಆಮೇಲೆ ನಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಟೇಲರನ ಜೀವ ಬಾಯಿಗೆ ಬಂತು.

ಕೈ ಹಿಡಿದು ಮೆಲ್ಲಗೆ ದಡಕ್ಕೆ ನಡೆಸಿಕೊಂಡು ಬಂದ. ಅವಳು ಕಟ್ಟೆಯ ಮೇಲೆ ಕೂತು ನೀರನ್ನೇ ನೋಡಿದಳು. ನಡುನೀರಿನಲ್ಲಿ ನಿಂತುಬಿಟ್ಟರೆ ಏನು ಮಾಡುತ್ತೀರಿ ಎಂದು ಕೇಳಿದಳು. ಅವನು, ಅಳತೆಯೆಲ್ಲ ಸರಿಯಾಗಿದೆ, ಟೇಪು ಹಿಡಿದು ನಾನೇ ನೋಡಿದ್ದೇನೆ ಎಂದು ಸಿಡುಕಿದ.

"ಯಾವಾಗ ನೋಡಿದ್ರಿ? ದೋಣಿ ದಡದ ಮೇಲಿದ್ದಾಗ ತಾನೆ?" ಉಸಿರು ಎಳೆದುಕೊಳ್ಳಲು ಮಾತು ನಿಲ್ಲಿಸಿದಳು. "ಪ್ಯಾಂಟ್ ಹೊಲಿಸೋಕೆ ಬಂದೋರನ್ನ ಒಂದ್ಸಲ ಕೂರಿಸಿ ನೋಡ್ತಿದ್ರಲ್ಲ. ನನ್ನನ್ನ ಕೂರಿಸಿ ನೋಡಿದ್ರಾ?"

ಟೇಲರ್ ಪೆಚ್ಚಾದ. ಅವಳನ್ನು ಮುಂದೆ ದಿಂಬಿನ ಮೇಲೆ ಕೂರಿಸಿ, ತನ್ನ ಜಾಗದಲ್ಲಿ ತಾನು ಕೂತು, ಹಿಂದಕ್ಕೆ ತಿರುಗಿ ನೀರಿನೊಳಗೆ ಇಣುಕಿದ. ಪಂಕದ ಮೇಲೊಂದು ಚಪ್ಪಟೆ ರೆಕ್ಕೆ ಇದೆ, ಅದು ಯಾವಾಗಲೂ ನೀರಿನೊಳಗೇ ಇರಬೇಕಾದದ್ದು. ಅವಳ ಭಾರಕ್ಕೆ ದೋಣಿಯ ಮೂತಿ ತಗ್ಗಿ ಹಿಂಭಾಗ ಎದ್ದಿತ್ತು. ಸಣ್ಣ ಅಲೆ ಸರಿದರೂ ರೆಕ್ಕೆ ಹೊರಗೆ ಕಾಣುತ್ತಿತ್ತು. ನಡುನೀರಿನಲ್ಲಿ ಪಂಕ ನೀರಿನ ಜೊತೆ ಗಾಳಿಯನ್ನೂ ಎಳೆದುಕೊಂಡು ಸುಮ್ಮನೆ ಗಿರಗಿರ ತಿರುಗುತ್ತಿತ್ತು, ಅಷ್ಟೇ. ಒಬ್ಬನೇ ಹೋದಾಗ ಹಿಂಭಾಗವನ್ನು ಒತ್ತಿ ಹಿಡಿದದ್ದು ಇವನ ಭಾರ, ಮೆಕ್ಯಾನಿಕ್ ಬಂದಾಗ ಇಬ್ಬರ ಭಾರ. ಅವಳಿಲ್ಲದೆ ಅವಳಿಗಾಗಿ ದೋಣಿ ಸಿದ್ಧ ಮಾಡಿದ ತನ್ನ ಬುದ್ಧಿಗೆ ಟೇಲರ್ ಹಣೆ ಚಚ್ಚಿಕೊಂಡ.

ಈಗ ಆ ಚೆಂದದ ಮರದ ತುಂಡು ತೆಗೆಯಬೇಕು. ಮೋಟಾರಿಗೆ ಹಗ್ಗ ಬಿಗಿದು ಕಟ್ಟೆಯ ಕಂಬಕ್ಕೆ ಕಟ್ಟಿದ. ಸ್ಕ್ರೂ ಸಡಿಲಿಸಿ, ಸೂಜಿ ಹಿಡಿದು ಸವೆದ ಕೈಗಳಿಂದ ಮೋಟಾರು ಎತ್ತಿದ. ಜಾರಿ ನೀರಿಗೆ ಬಿದ್ದರೆ ಇವತ್ತಿನ ಮಟ್ಟಿಗೆ ಎಲ್ಲ ಮುಗಿದಂತೆ. ಅವಳು ಹಿಂದೆ ತಿರುಗದೆ ಸೀಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ತುಂಡನ್ನು ಮೊಣಕಾಲಿನಿಂದಲೇ ನೂಕಿ ಕೆಡವಿ ಮೋಟಾರನ್ನು ಬರೀ ಹಲಗೆಯ ಮೇಲೆ ಇಳಿಸಿ ಬಿಗಿದ. ಮತ್ತೆ ಇಣುಕಿದ. ರೆಕ್ಕೆ ಮುಳುಗಿತ್ತು. ಬಂಡೆಗಳಿಗೆ ತಾಗದಂತೆ ಮೋಟಾರನ್ನು ಮೇಲಕ್ಕೆ ವಾಲಿಸಿ, ಆಳ ಸಿಗುವ ತನಕ ಹುಟ್ಟು ಹಾಕಿಕೊಂಡೇ ಹೋದ.

ಆಮೇಲೆ ಮೋಟಾರು ಇಳಿಸಿ ಶುರು ಮಾಡಿದ. ನಡುನೀರು ಹತ್ತಿರವಾದಂತೆ ಅವನ ಕಿವಿಯೆಲ್ಲ ಹಿಂದೆಯೇ. ಮೊದಲ ದೊಡ್ಡ ಅಲೆ ದೋಣಿಯನ್ನು ಎತ್ತಿ ಇಳಿಸಿತು. ಮೋಟಾರಿನ ಸದ್ದು ಕೊಂಚ ತೆಳುವಾಯಿತು. ಸದ್ದು ಮತ್ತೆ ದಪ್ಪವಾಯಿತು. ಎರಡನೆಯ ಅಲೆ, ಮೂರನೆಯದು. ದೋಣಿ ಎಳೆಯುತ್ತಲೇ ಇತ್ತು.

"ರೀ, ಒಂದು ಮಾತು ಹೇಳ್ತೀನಿ, ಬೈಬೇಡಿ," ಎಂದಳು ಅವಳು, ನೀರಿನ ಕಡೆಗೇ ಮುಖ ಮಾಡಿ. "ಮೊದಲ ಸಲ ಇದು ಕಿರುಚಿದಾಗ ನಂಗೆ ಒಳಗೊಳಗೇ ಖುಷಿಯಾಗಿತ್ತು. ಇನ್ನು ಆ ಸೂಜಿ, ಆ ಮಂಚ, ಎಲ್ಲ ತಪ್ಪುತ್ತೆ ಅಂತ. ಸುಸ್ತು ಅಂತ ಮಲಗಿದ್ನಲ್ಲ, ಅವತ್ತು ಸುಸ್ತೇನೂ ಇರ್ಲಿಲ್ಲ."

ಇಷ್ಟು ದಿನ ಪಂಕ, ಪೆಟ್ರೋಲು, ಸ್ಕ್ರೂ ಎಂದು ಒದ್ದಾಡಿದವನಿಗೆ ಮುಂದೆ ಕೂತವಳ ಮನಸ್ಸಿನಲ್ಲಿ ಏನಿದೆ ಎಂದು ಕೇಳಬೇಕೆಂದೇ ಹೊಳೆದಿರಲಿಲ್ಲ.

"ಇವತ್ತೂ?" ಎಂದು ಕೇಳಿದ.

"ಇವತ್ತು ಎಲ್ಲಿ ಕಿರುಚಿಬಿಡುತ್ತೋ ಅಂತ ಭಯ ಆಯ್ತು," ಎಂದಳು. "ಸ್ವಲ್ಪ ಬೇಗ ಹೋಗ್ರೀ."