ತಿದ್ದಿಸಿಕೊಳ್ಳದ ಹಾಡು

ಮನೆಯ ಬೋರ್‌ವೆಲ್ ಮೋಟರ್ ಸುಟ್ಟುಹೋಗಿತ್ತು. ರಿಪೇರಿಗೆಂದು ಕೊಯಮತ್ತೂರಿನ ಗಣಪತಿ ಎಂಬ ಏರಿಯಾದ ವರ್ಕ್‌ಶಾಪಿಗೆ ಹೋದರೆ, ಅಲ್ಲಿ ಮೆಕ್ಯಾನಿಕ್ ಒಬ್ಬರು ಸ್ಪ್ಯಾನರ್ ತಿರುಗಿಸುತ್ತಾ ಹಾಡು ಗುನುಗುತ್ತಿದ್ದರು. "ಕೊಂಜ ಕುಂತ್ಕೋ, ಕಾಪಿ ಕುಡಿ, ಆಮೇಲ್ ಹೋಗು..."

ನಾನು ಹತ್ತಿರ ಹೋದೆ.

"ನಿಮಗೆ ಕನ್ನಡ ಬರುತ್ತಾ?" ಅಂತ ತಮಿಳಿನಲ್ಲಿ ಕೇಳಿದೆ.

"ಇಂದ ಪಾಟ್ಟು ಮಟ್ಟುಂ ವರುಂ, ಮೇಡಂ!" (ಈ ಹಾಡು ಮಾತ್ರ ಬರುತ್ತೆ!) "ನಮ್ಮ ತುಡಿಯಲೂರು ಪೊಣ್ಣು ಪಾಡಿನದು."

ಆ ತುಡಿಯಲೂರಿನ ಹುಡುಗಿ ನನ್ನ ಭಾವನ, ಅಂದರೆ ಗಂಡನ ಅಣ್ಣನ, ಮಗಳು ಚೈತ್ರಾ. ಶಾಲೆಯೊಂದರಲ್ಲಿ ಮ್ಯೂಸಿಕ್ ಟೀಚರ್. ನನ್ನ ಗಂಡನ ಮನೆಯವರು ತಲೆಮಾರುಗಳಿಂದ ಕೊಯಮತ್ತೂರಿನವರು. ಮನೆಯಲ್ಲಿ ಆಡುವುದು ಕನ್ನಡ, ಓದಲು ಬರೆಯಲು ಬಾರದು. ಮೈಸೂರಿನಿಂದ ಸೊಸೆಯಾಗಿ ಬಂದ ನಾನೇ ಅಲ್ಲಿನ ಏಕೈಕ ಕನ್ನಡ ಪಂಡಿತೆ. (ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಯಾರೂ ಕೇಳಿಲ್ಲ, ಪುಣ್ಯ.)

ನನ್ನ ಅತ್ತೆ ಹೋದ ವರ್ಷ ತೀರಿಕೊಂಡರು. ಮನೆಗೆ ಬಂದವರು ಹೊರಟು ನಿಂತರೆ ಅವರು ಹೇಳುತ್ತಿದ್ದುದು ಇದೇ 'ಕೊಂಜ ಕುಂತ್ಕೋ' ಮಾತು. ಚೈತ್ರಾ ಅದನ್ನೇ ಹಾಡು ಮಾಡಿ, ತಮಿಳು ಲಿಪಿಯಲ್ಲಿ ಬರೆದುಕೊಂಡು ನನಗೆ ಹಾಡಿ ತೋರಿಸಿದಳು. ಅಬ್ಬರವಿಲ್ಲ. ಒಂದು ಗಿಟಾರ್, ಒಂದು ಮೆತ್ತನೆಯ ದನಿ.

ನಾನೇನು ಮಾಡಿದೆ? ತಿದ್ದಿದೆ!

"ಕೊಂಜ ಅಲ್ಲ ಕಣೇ, ಸ್ವಲ್ಪ. ಕುಂತ್ಕೋ ಅಲ್ಲ, ಕುಳಿತುಕೋ. ಬೆಂಗಳೂರಿನವರು ನಗ್ತಾರೆ."

ಅವಳು ಹಾಡು ಕಳಿಸಿದ್ದ ಬೆಂಗಳೂರಿನ ಮ್ಯೂಸಿಕ್ ಕಂಪನಿಯವರೂ ಹಾಗೇ ಅಂದರು. ಟ್ಯೂನ್ ಸೂಪರ್, ಕನ್ನಡ ಸರಿಮಾಡಿ, ರಿಲೀಸ್ ಮಾಡೋಣ. ಅವಳಿಗೆ ಸಿಕ್ಕ ಮೊದಲ ಚಾನ್ಸ್ ಅದು. "ಒಪ್ಕೊಂಡುಬಿಡೇ" ಅಂದೆ.

ಅವಳ ಕಣ್ಣು ತುಂಬಿತು. "ಚಿಕ್ಕಮ್ಮಾ, ಅಜ್ಜಿ ಒಂದ್ ನಾಳೂ ಸ್ವಲ್ಪ ಅಂದಿಲ್ಲ. ಮಾತ್ತಿಬಿಟ್ರೆ ಅದು ಅಜ್ಜೀನೇ ಅಲ್ಲ, ಬೇರೆ ಯಾರೋ." (ನಾಳು ಅಂದರೆ ದಿನ, ಮಾತ್ತೋದು ಅಂದರೆ ಬದಲಿಸೋದು. ಇವನ್ನೂ ತಿದ್ದಲು ಬಾಯಿ ತೆರೆದಿದ್ದೆ!)

ಕಂಪನಿಗೆ "ಬೇಡ ಸಾರ್" ಅಂದಳು. ಬೆಡ್‌ರೂಮಿನ ಬಾಗಿಲಿಗೆ ಹೊರಗಿನ ಸದ್ದು ಬಾರದಂತೆ ರಗ್ಗು ಕಟ್ಟಿ ತಾನೇ ರೆಕಾರ್ಡ್ ಮಾಡಿದಳು. ಆನ್‌ಲೈನ್‌ಗೆ ಹಾಕಿದಳು. ಮೊದಲ ಎರಡು ವಾರ ಕೇಳಿದವರು ನಾವು, ಪಕ್ಕದ ಮನೆಯವರು, ಅಷ್ಟೇ. ಆಮೇಲೆ ಅದು ಯಾರ ಫೋನಿನಿಂದ ಯಾರ ಫೋನಿಗೆ ಹಾರಿತೋ! ನಮ್ಮೂರ ಪಕ್ಕದ ಮದುಕ್ಕರೈಯಿಂದ ಮಂಡ್ಯದವರೆಗೆ ಅದೇ ಹಾಡು. ಅದೇ ಕಂಪನಿಯಿಂದ ಮತ್ತೆ ಫೋನ್. ಈ ಸಲ ಒಂದಕ್ಷರವನ್ನೂ ಮುಟ್ಟುವುದಿಲ್ಲವಂತೆ.

ಕಳೆದ ಭಾನುವಾರ ಬೆಂಗಳೂರಿನಲ್ಲಿ ಅವಳ ಶೋ. ಹಾಲ್ ಫುಲ್. ಮೊದಲ ಸಾಲಿಗೇ ಅವಳು ಅತ್ತುಬಿಟ್ಟಳು. ಹಾಡು ನಿಲ್ಲಿಸಿದಳು. ಹಾಲ್ ನಿಲ್ಲಿಸಲಿಲ್ಲ! ಜನರೇ ಮುಂದುವರಿಸಿದರು. ಅಮ್ಮ ಸತ್ತಾಗಲೂ ಎಲ್ಲರೆದುರು ಅಳದ ನನ್ನ ಭಾವ ಎದ್ದುನಿಂತು, ಕಣ್ಣೊರೆಸಿಕೊಳ್ಳುತ್ತಾ ಹಾಡಿದರು. ಪಕ್ಕದಲ್ಲಿ ನಾನೂ ಹಾಡಿದೆ, ಒಂದಕ್ಷರ ತಿದ್ದದೆ.

ಅಷ್ಟು ಜನರ ಬಾಯಲ್ಲಿ ಒಟ್ಟಿಗೆ ಬಂದ ಮೇಲೆ ಅದು ಕನ್ನಡವಲ್ಲದೆ ಇನ್ನೇನು ಹೇಳಿ?