ಎಗ್ರೀಜಿಯಸ್ ನಾಯಕರೂ ದೊರೈರಾಜ್ ಮೇಷ್ಟ್ರೂ

ಇಂಗ್ಲಿಷಿನ ಅಪರೂಪದ ಪದವೊಂದನ್ನು ಉಚ್ಚರಿಸುವ ಮೊದಲು ದೊರೈರಾಜ್ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು, ಮನೆಗೆ ಬಂದ ಹಿರಿಯರಿಗೆ ಎದ್ದು ನಿಲ್ಲುವ ಹಾಗೆ. ಹಲಸೂರಿನ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ನಾನು ಸೇರಿದ್ದು ತೊಂಬತ್ತರ ದಶಕದಲ್ಲಿ, ಪಿಯುಸಿ ಮುಗಿಸಿ. ಯಾವ ಪದವೇ ಆಗಲಿ, ಅದರ ಹುಟ್ಟೂರು ಗೊತ್ತಿಲ್ಲದೆ ಟೈಪ್ ಮಾಡಕೂಡದು ಎಂಬುದು ಅವರ ಕಟ್ಟಪ್ಪಣೆ. ಹೀಗಾಗಿ ನಮ್ಮ ಸ್ಪೀಡ್ ಮಾತ್ರ ಕೊನೆಯವರೆಗೂ ಏರಲಿಲ್ಲ.

ಇನ್‌ಸ್ಟಿಟ್ಯೂಟ್ ಇದ್ದ ಕಟ್ಟಡ ಪಿಳ್ಳಪ್ಪನವರದು. ಹೊರಮಾವಿನಲ್ಲಿ ರಾಗಿ ಬೆಳೆಯುತ್ತಿದ್ದ ಹೊಲಗಳನ್ನು ಸೈಟು ಮಾಡಿ ಮಾರಿ, ಅದೇ ಓಟದಲ್ಲಿ ನಾಯಕರೂ ಆದವರು. ತಮ್ಮ ಸನ್ಮಾನಕ್ಕೆ ತಾವೇ ಏರ್ಪಾಡು ಮಾಡಿಕೊಂಡು, ಮಾನಪತ್ರ ಇಂಗ್ಲಿಷಿನಲ್ಲೇ ಇರಬೇಕು, ಯಾರೂ ಕೇಳಿರದ ಪದ ಒಂದಾದರೂ ಇರಬೇಕು ಎಂದರು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ‘ಎಗ್ರೀಜಿಯಸ್ ಲೀಡರ್’ ಎಂದು ಟೈಪ್ ಮಾಡಿದರು. ಹಾಗೆಂದರೇನು ಎಂದು ಕೇಳಿದ ಪಿಳ್ಳಪ್ಪನವರಿಗೆ ವಿವರಿಸಿದರು:

“ಲ್ಯಾಟಿನ್‌ನಿಂದ ಬಂದಿದ್ದು ಸಾರ್. ಗ್ರೆಕ್ಸ್ ಅಂದ್ರೆ ಕುರಿಮಂದೆ. ಮಂದೆಯಿಂದ ಹೊರಗೆ, ಎದ್ದು ಕಾಣೋವ್ರು ಅಂತ.”

ಪಿಳ್ಳಪ್ಪನವರು ಹಿಗ್ಗಿದರು. ಕೆಲವೇ ವರ್ಷಗಳಲ್ಲಿ ಆ ಪದ ಹೊರಮಾವಿನಿಂದ ಕೆ.ಆರ್. ಪುರದವರೆಗೆ ಬ್ಯಾನರ್ ಏರಿತು. ಗಣೇಶನಿಗಿಂತ ದೊಡ್ಡದಾಗಿ ಅವರ ಮುಖ, ಕೆಳಗೆ ಕನ್ನಡ ಅಕ್ಷರಗಳಲ್ಲಿ ‘ಎಗ್ರೀಜಿಯಸ್ ನಾಯಕರು’. ಹೊಸ ಅಪಾರ್ಟ್‌ಮೆಂಟಿನವರು ಕಾರು ನಿಲ್ಲಿಸಿ ಫೋಟೊ ತೆಗೆದುಕೊಳ್ಳುತ್ತಿದ್ದರು. ಪಿಳ್ಳಪ್ಪನವರು ಅವರಿಗೆಲ್ಲ ಕೈ ಮುಗಿಯುತ್ತಿದ್ದರು.

ಆ ಪದಕ್ಕೆ ಈಗಿರುವ ಅರ್ಥ ಬೇರೆ, ಕೆಟ್ಟತನದಲ್ಲಿ ಎದ್ದು ಕಾಣುವುದು ಎಂದು ಅವರಿಗೆ ತಿಳಿಸಿದವಳು ಕಾಲೇಜು ಓದುತ್ತಿದ್ದ ಸ್ವಂತ ಮಗಳು. ಆ ಹೊತ್ತಿಗೆ ಅವರು ರಾಜಕಾಲುವೆ ಮುಚ್ಚಿ ಮಾರಿದ್ದ ಸೈಟುಗಳ ಮನೆಗಳಿಗೆ ಮಳೆನೀರು ನುಗ್ಗತೊಡಗಿತ್ತು. ಜನ ಇಂಗ್ಲಿಷಿನ ಸಹಾಯವಿಲ್ಲದೆಯೇ ಆ ಅರ್ಥಕ್ಕೆ ಬಂದಿದ್ದರು.

ಪಿಳ್ಳಪ್ಪನವರು ಇನ್‌ಸ್ಟಿಟ್ಯೂಟಿಗೆ ಬಂದು, ಪದ ತಪ್ಪಾಯಿತೆಂದು ಬರೆದುಕೊಡಿ, ಇಲ್ಲವಾದರೆ ಜಾಗ ಖಾಲಿ ಮಾಡಿ ಎಂದರು. ಸ್ಪೆಲಿಂಗ್ ಸರಿಯಾಗಿದೆ, ಮೂಲವೂ ಸರಿಯಾಗಿದೆ, ತಪ್ಪೆಂದು ಹೇಗೆ ಬರೆಯಲಿ ಎಂದು ಮೇಷ್ಟ್ರು ತಣ್ಣಗೆ ಕೇಳಿದರಂತೆ.

ಸುದ್ದಿ ತಿಳಿದು ನಾನು ಹೋದಾಗ ಮೇಷ್ಟ್ರು ಟೈಪ್‌ರೈಟರುಗಳಿಗೆ ಗೋಣಿಚೀಲ ಸುತ್ತುತ್ತಿದ್ದರು. ಮೂವತ್ತು ವರ್ಷ ಕೂತಿದ್ದ ಜಾಗ. ನನಗೆ ಸಂಕಟವಾಯಿತು. ಆ ಇನ್ನೊಂದು ಅರ್ಥ ಬರೆಯುವಾಗಲೇ ಗೊತ್ತಿತ್ತೇ ಎಂದು ಕೇಳಿದೆ.

“ಗೊತ್ತಿತ್ತಮ್ಮ. ಏನಾದ್ರೂ ಒಳ್ಳೇದು ಮಾಡಿ ಹಳೇ ಅರ್ಥಕ್ಕೆ ಬರ್ತಾರೇನೋ ಅಂತ ಕಾದೆ. ಹೊಸದೇ ಹೊಂದ್ಕೊಳ್ತು.”

ಕೊನೆಯ ಯಂತ್ರವನ್ನು ಆಟೋಗೆ ಏರಿಸುವಾಗ ಒಂದು ಬದಿ ನಾನು ಹಿಡಿದೆ. ಕೋಲಾರದ ತಂಗಿಯ ಮನೆಗೆ ಹೋದ ಮೇಷ್ಟ್ರು ಮತ್ತೆ ಸಿಗಲಿಲ್ಲ. ಆ ಜಾಗದಲ್ಲಿ ಈಗ ಮೂವತ್ತೇ ದಿನದಲ್ಲಿ ಇಂಗ್ಲಿಷ್ ಕಲಿಸುತ್ತಾರೆ.