ಫಲ್ಗುಣನ ಗಾಜು

ಠಣ್ ಎಂದು ಕತ್ತಿ ಅಂಗಳದ ಚಪ್ಪಡಿಗೆ ಬೀಳುತ್ತಿತ್ತು. ಬಿದ್ದದ್ದು ಒಮ್ಮೆ ಪುಟಿದು, ಕರಕರ ಜಾರಿ, ತುಳಸಿಕಟ್ಟೆಯ ಬುಡಕ್ಕೆ ತಾಗಿ ಸುಮ್ಮನಾಗುತ್ತಿತ್ತು. ಗುಡುಗು ಆಮೇಲೆ. ನನ್ನ ಬಾಲ್ಯದಲ್ಲಿ ಸಿಡಿಲು ಅಂದರೆ ಮೊದಲು ಕಬ್ಬಿಣದ ಸದ್ದು, ನಂತರ ಆಕಾಶದ್ದು.

ಕತ್ತಿ ಎಸೆಯುವ ಕೆಲಸ ಅಕ್ಕನದು. ಮಿಂಚಿದ್ದೇ ತಡ, ಬಾಗಿಲ ಸಂದಿಗೆ ಸಿಕ್ಕಿಸಿದ್ದ ಕತ್ತಿಯನ್ನು ತೆಗೆದು ಹೊರಗೆ ಒಗೆಯುತ್ತಿದ್ದಳು. ಸಿಡಿಲಿಗೆ ಏನಾದರೂ ಬೇಕೇ ಬೇಕಂತೆ. ಕಬ್ಬಿಣ ಕೊಟ್ಟರೆ ಮನುಷ್ಯರನ್ನು ಬಿಡುತ್ತದಂತೆ. ಆಮೇಲೆ ನನ್ನನ್ನು ಮಡಿಲಿಗೆ ಎಳೆದುಕೊಂಡು ಅರ್ಜುನನ ಹೆಸರುಗಳನ್ನು ಶುರು ಮಾಡುತ್ತಿದ್ದಳು. ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ… ಫಲ್ಗುಣ ದಾಟುವಷ್ಟರಲ್ಲಿ ನನಗೆ ನಿದ್ದೆ. ಅವಳು ಮಾತ್ರ ಕೊನೆಯ ಹೆಸರಿನವರೆಗೂ ಹೇಳಿಯೇ ಮುಗಿಸುತ್ತಿದ್ದಳು. ನಡುವೆ ಬಿಟ್ಟರೆ ಸಿಡಿಲಿಗೆ ದಾರಿ ತೋರಿಸಿದ ಹಾಗೆ ಎಂಬುದು ಅವಳ ರೂಲ್.

ಅಕ್ಕ ಹೋಗಿ ಎರಡು ಮಳೆಗಾಲ ಕಳೆದವು. ಸಾಗರದ ನನ್ನ ಮನೆಗೆ ಅಂಗಳವಿಲ್ಲ, ಟೈಲ್ಸ್ ಹಾಕಿದ ಪೋರ್ಟಿಕೋ ಅಷ್ಟೆ. ಆದರೂ ಮಿಂಚಿದಾಗ ಗುಡುಗಿಗೆ ಮುಂಚೆ ಆ ಠಣ್ ಕೇಳುತ್ತದೆ. ಇಮ್ಯಾಜಿನೇಶನ್ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹೇಳಿಕೊಂಡು, ಎದ್ದು ಹೋಗಿ ನೋಡುತ್ತೇನೆ.

ನಮ್ಮಿಬ್ಬರಲ್ಲಿ ಅವಳನ್ನು ಮನೆಯಲ್ಲಿಟ್ಟುಕೊಂಡು ನನ್ನನ್ನು ಘಟ್ಟದ ಕೆಳಗಿನ ಕಾನ್ವೆಂಟಿಗೆ ಕಳಿಸಿದರು. ಅಪ್ಪ ಯಾಕೆ ಹಾಗೆ ಹಂಚಿದನೋ ಕೊನೆಗೂ ಕೇಳಲಿಲ್ಲ. ಸೇರಿದ ಹೊಸತರಲ್ಲಿ ಸಿಸ್ಟರ್ ಒಬ್ಬರು ಮನೆಯ ವಿಷಯ ವಿಚಾರಿಸಿದರು. ನನಗೆ ಬರುತ್ತಿದ್ದದ್ದು ನಮ್ಮ ಮನೆಮಾತೊಂದೇ. "ಅಪ್ಪ ಮನೇಲಿ ಇದ್ದ" ಎಂದೆ. ನಮ್ಮ ಹವ್ಯಕರ ಮಾತಿನಲ್ಲಿ 'ಇದ್ದ' ಎಂದರೆ 'ಇದ್ದಾನೆ'. ಉಳಿದ ಕನ್ನಡದವರಿಗೆ ಅದು ಹಿಂದೆ ಇದ್ದ, ಈಗಿಲ್ಲ. ಸಿಸ್ಟರ್ ನನ್ನ ಕೈ ಹಿಡಿದು ಚಾಪೆಲ್ಲಿಗೆ ಕರೆದೊಯ್ದರು, ಮೇಣದಬತ್ತಿ ಹಚ್ಚಿಸಿದರು, "ಪೂರ್ ಚೈಲ್ಡ್" ಎಂದು ತಲೆ ಸವರಿದರು. ನಾನು ಬಿಕ್ಕಿ ಬಿಕ್ಕಿ ಅತ್ತೆ. ನನಗೆ ತಿಳಿಯದ್ದು ಇವರಿಗೆ ತಿಳಿದುಬಿಟ್ಟಿದೆ, ಊರಲ್ಲಿ ಅಪ್ಪನಿಗೆ ಏನೋ ಆಗಿದೆ ಎಂದು. ಮುಂದಿನ ತಿಂಗಳು ಅಪ್ಪ ಕೋಡುಬಳೆ ಡಬ್ಬ ಹಿಡಿದು ಗೇಟಿನಲ್ಲಿ ನಿಂತಾಗ ಸಿಸ್ಟರ್ ಶಿಲುಬೆಯ ಗುರುತು ಮಾಡಿಕೊಂಡರು. ಈ ಕಥೆ ಹೇಳಿದಾಗಲೆಲ್ಲ ಅಕ್ಕ ಹೊಟ್ಟೆ ಹಿಡಿದು ನಗುತ್ತಿದ್ದಳು. "ಜೀವ ಇಪ್ಪವಕ್ಕೆ ದೀಪ ಹಚ್ಚಿಸಿದ್ಯಲೇ ಕೂಸೆ!" ಕೂಸು ಎಂದರೆ ನಮ್ಮಲ್ಲಿ ಹುಡುಗಿ. ನನ್ನ ಕೂದಲು ಪೂರ್ತಿ ಬೆಳ್ಳಗಾದ ಮೇಲೂ ಅವಳಿಗೆ ನಾನು ಕೂಸೇ.

ಅಕ್ಕನನ್ನು ಕೊಟ್ಟದ್ದು ಹೊಸನಗರದ ಕಡೆ, ಲಿಂಗನಮಕ್ಕಿ ಹಿನ್ನೀರಿನ ಅಂಚಿನ ಊರಿಗೆ. ಭಾವ ಹುಟ್ಟಿದ ಮನೆ ಆ ನೀರಿನ ಅಡಿಯಲ್ಲಿತ್ತು. ಅವರು ಚಿಕ್ಕವರಿದ್ದಾಗ ಡ್ಯಾಮಿನ ನೀರು ಏರಿ, ಮನೆಯವರೆಲ್ಲ ದಿಬ್ಬಕ್ಕೆ ಬಂದದ್ದು. ಬೇಸಗೆಯ ಕೊನೆಗೆ ನೀರು ಇಳಿದಾಗ ಮುಳುಗಿದ ಮರಗಳ ಕರಿ ಬೊಡ್ಡೆಗಳು ಎದ್ದು ನಿಲ್ಲುತ್ತವೆ, ಹಳೆಯ ರಸ್ತೆ ಕಾಣುತ್ತದೆ, ಹೊಳೆಯ ತಿರುವಿನಲ್ಲಿ ಬಿಳಿ ಮರಳು ಮಲಗಿರುತ್ತದೆ. ಆ ಮರಳು ದಾಟಿದರೆ ಭಾವನ ಮನೆಯ ಮೆಟ್ಟಿಲು. ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ, ಮೆಟ್ಟಿಲ ಮೇಲೆ ಕೂತು ಎಲೆಅಡಿಕೆಯ ಕವಳ ಹಾಕಿ ಬರುವುದು ಅವರ ಪದ್ಧತಿ. "ತವರಿಗೆ ಹೋಗಿ ಬತ್ತಿ" ಎಂದು ಕೊಡೆ ಹಿಡಿದು ಹೊರಡುತ್ತಿದ್ದರು. "ಉಡಿ ತುಂಬಿ ಕಳಸ್ತ್ವಾ ನೋಡಿ" ಎಂದು ಅಕ್ಕ.

ಒಂದು ವರ್ಷ ಹಾಗೆ ಹೋದವರು ಬರಲಿಲ್ಲ. ಮಧ್ಯಾಹ್ನ ಮೋಡ ಕಟ್ಟಿತು. ಅಕ್ಕ ಕತ್ತಿ ಎಸೆದಳು, ಹೆಸರು ಹೇಳಿದಳು, ಕೊನೆಯದರವರೆಗೆ. ಮರಳಿನ ಕಡೆ ಸಿಡಿಲು ಇಳಿದದ್ದನ್ನು ದಿಬ್ಬದ ಮೇಲಿದ್ದವರೆಲ್ಲ ಕಂಡರು. ಮಳೆ ಬಿಟ್ಟಮೇಲೆ ಹೋಗಿ ನೋಡಿದರೆ ಕೊಡೆ ಮರಳ ಮೇಲೆ ಅಂಗಾತ ಬಿದ್ದು, ಬಟ್ಟಲಿನ ಹಾಗೆ ನೀರು ತುಂಬಿಕೊಂಡಿತ್ತು. ಭಾವ ಇಲ್ಲ. ಪಕ್ಕದಲ್ಲಿಯೇ ಹೊಳೆಯ ಹಳೆಯ ಹರಿವು, ಆಳ. ದೋಣಿ ತಂದು ಜಾಲಾಡಿದರು. ಅಷ್ಟರಲ್ಲಿ ಮಳೆಗಾಲ ಹಿಡಿದು ಮರಳು, ಮೆಟ್ಟಿಲು, ಬೊಡ್ಡೆ ಎಲ್ಲ ಮುಳುಗಿತು.

ಸಿಡಿಲು ಹೊಡೆದು ಹೊಳೆಗೆ ಬಿದ್ದರು ಎಂದರು ಕೆಲವರು. ಆಚೆ ದಡ ಹತ್ತಿ ಬಸ್ಸು ಹಿಡಿದು ಹೋದರು ಎಂದರು ಇನ್ನು ಕೆಲವರು. ಭಾವ ಹೊರಗಿನವರ ಹತ್ತಿರ ಮಾತು ಕಮ್ಮಿ. ಅಂಥವರ ಬಗ್ಗೆ ಜನ ಏನು ಬೇಕಾದರೂ ಹೇಳಬಹುದು. ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಕಂಡೆ ಎಂದು ಒಬ್ಬ. ಮಂಡಗದ್ದೆಯಲ್ಲಿ ಹೊಳೆಬದಿ ನಿಂತು ಹಕ್ಕಿ ನೋಡುತ್ತಿದ್ದರು ಎಂದು ಇನ್ನೊಬ್ಬ. ಅಕ್ಕ ಪ್ರತಿಯೊಂದಕ್ಕೂ ಹೋಗಿ ಬಂದಳು. ಕುಂಕುಮ ಅಳಿಸಲಿಲ್ಲ, ಆದರೆ ಕನ್ನಡಿ ನೋಡಿ ಇಟ್ಟುಕೊಳ್ಳುವುದನ್ನು ಬಿಟ್ಟಳು. ಅಂದಾಜಿನಲ್ಲಿ ಇಟ್ಟ ಕುಂಕುಮ ಒಂದೊಂದು ದಿನ ಹುಬ್ಬಿನ ಮೇಲೆ ಕೂತಿರುತ್ತಿತ್ತು.

"ಸತ್ತಿದ್ರೆ ಆನು ಅಳ್ತಿದ್ದಿ. ಬಿಟ್ಟಿಕ್ಕಿ ಹೋಗಿದ್ರೆ ಬೈತಿದ್ದಿ. ಎರಡೂ ಗೊತ್ತಿಲ್ಲೆ ಅಂದ್ರೆ ಎಂತ ಮಾಡವು ಹೇಳೇ?" ಎಂದು ನನ್ನನ್ನು ಕೇಳಿದ್ದಳು.

ವರ್ಷಗಳು ಹೋದವು. ನಾನು ಸಾಗರದಲ್ಲಿ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದೆ. ಒಂದು ದಿನ ಸುಮ್ಮನೆ ಮೊಬೈಲ್ ತಿರುವುತ್ತಿದ್ದಾಗ ಚಿತ್ರವೊಂದು ಬಂತು. ಮರಳಿಗೆ ಸಿಡಿಲು ಬಡಿದರೆ ಆ ಕಾವಿಗೆ ಮರಳು ಕರಗಿ ಗಾಜಾಗುತ್ತದೆ. ಸಿಡಿಲು ನೆಲಕ್ಕೆ ಇಳಿದ ದಾರಿಯೇ ಪೊಳ್ಳು ಕಡ್ಡಿಯಾಗಿ ಉಳಿಯುತ್ತದೆ. ಎವಿಡೆನ್ಸ್ ಎಂದುಕೊಂಡೆ. ಕೂಡಲೇ ಅಕ್ಕನಿಗೆ ಫೋನ್ ಮಾಡಿದೆ.

"ಅದಕ್ಕೆ ಫಲ್ಗುರೈಟ್ ಹೇಳ್ತ ಅಕ್ಕಾ."

"ಎಂತ? ಫಲ್ಗುಣನಾ?"

"ಫಲ್ಗುಣ ಅಲ್ದೇ. ಫಲ್-ಗು-ರೈಟ್. ಲ್ಯಾಟಿನ್ ಅದು."

"ಯಾವ ಊರಿನದಾದ್ರೂ ಆಗ್ಲಿ. ಅಂತೂ ಇಂಗ್ಲಿಷಿನವಕ್ಕೂ ಫಲ್ಗುಣ ಹೇಳಿ ಗೊತ್ತಿದ್ದು ಹಾಂಗಾರೆ!"

ಡೋಂಟ್ ಬಿ ಸಿಲ್ಲಿ ಅನ್ನಬೇಕೆಂದಿದ್ದೆ. ಎಷ್ಟೋ ಕಾಲದ ಮೇಲೆ ಅವಳ ದನಿಯಲ್ಲಿ ಗೆಲುವಿತ್ತು, ಅನ್ನಲಿಲ್ಲ. ಆವತ್ತಿನಿಂದ ಅದು ನಮ್ಮಿಬ್ಬರ ನಡುವೆ ಫಲ್ಗುಣನ ಗಾಜು.

ಅಕ್ಕನ ಮೈದುನ, ಭಾವನ ತಮ್ಮ, ಕೆಟ್ಟವನಲ್ಲ. ಅಣ್ಣನಿಗೆ ಗತಿ ಕಾಣಿಸಬೇಕೆಂಬ ಸಂಕಟ ಅವನದು. ಕಾಣೆಯಾಗಿ ಹನ್ನೆರಡು ವರ್ಷವಾದರೆ ದರ್ಭೆಯಲ್ಲಿ ಬೊಂಬೆ ಮಾಡಿ ಸುಟ್ಟು ಕರ್ಮ ಮಾಡುವ ಕ್ರಮ ನಮ್ಮಲ್ಲಿದೆ.

"ಅತ್ತಿಗೇ, ಹನ್ನೆರಡು ತುಂಬ್ತು. ಇನ್ನೂ ತಡ ಮಾಡಿದ್ರೆ ಅಣ್ಣ ಅಲ್ಲೂ ಇಲ್ಲೆ, ಇಲ್ಲೂ ಇಲ್ಲೆ ಆಗ್ತ."

"ಹುಲ್ಲು ಸುಟ್ರೆ ನಿನ್ನ ಅಣ್ಣ ಹೋದ ಹಾಂಗಾತಾ? ಗಾಜು ಸಿಗ್ಲಿ. ಸಿಡಿಲು ಅಲ್ಲೇ ಬಿದ್ದಿದ್ದು ಹೇಳಿ ಖಾತ್ರಿ ಆಗ್ಲಿ. ಆಮೇಲೆ ನೀ ಹೇಳಿದ ಹಾಂಗೆ."

ಮಾತು ಹಾಗೆ ಕೊಟ್ಟಳು. ನಾನು ಸಾಕ್ಷಿ. ಗಾಜು ಸಿಕ್ಕರೆ ಭಾವ ಸತ್ತರೆಂದು ಒಪ್ಪಿ ಕುಂಕುಮ ತೆಗೆಯುವುದು. ಅದಕ್ಕೇ ನಾನು ಹುಡುಕುತ್ತಿದ್ದೆ. ಅಕ್ಕ ಒಮ್ಮೆಯಾದರೂ ಮನಸಾರೆ ಅಳಲಿ ಎಂದು.

ನೀರು ಇಳಿದ ಕೂಡಲೇ ನಾವಿಬ್ಬರು ಮುದುಕಿಯರು ಬೆಳಗಿನ ತಂಪಿನಲ್ಲಿ ಮರಳಿಗೆ ಇಳಿಯುತ್ತಿದ್ದೆವು. ಅವಳ ಕೈಯಲ್ಲಿ ಅವಲಕ್ಕಿ ಜರಡಿ, ನನ್ನ ಕೈಯಲ್ಲಿ ಸ್ವೆಟರ್ ಹೆಣೆಯುವ ಕಡ್ಡಿ. ಕೊಡೆ ಸಿಕ್ಕಿದ ಜಾಗಕ್ಕೆ ಗುರುತು ಅಂದರೆ ಎರಡು ಕವಲಿನ ಒಂದು ಬೊಡ್ಡೆ. ಆದರೆ ಮರಳು ಪ್ರತಿ ವರ್ಷ ಬೇರೆ ಕಡೆ ಮಗ್ಗುಲು ಬದಲಿಸಿ ಮಲಗಿರುತ್ತಿತ್ತು. ಕಡ್ಡಿ ಚುಚ್ಚುವುದು, ಏನಾದರೂ ತಾಗಿದರೆ ಕೈಯಿಂದ ಬಿಡಿಸುವುದು, ಜರಡಿ ಹಿಡಿಯುವುದು. ಸಿಕ್ಕಿದ್ದೆಲ್ಲ ಬೇರಿನ ತುಂಡು, ಬಸವನಹುಳುವಿನ ಚಿಪ್ಪು, ಯಾರದೋ ಬಾಗಿಲಿನ ತುಕ್ಕು ಹಿಡಿದ ಕೀಲು. ಒಮ್ಮೆ ಬೀರ್ ಬಾಟಲಿಯ ಚೂರು ಹಿಡಿದು ಅಕ್ಕ ಕೂಗಿದಳು.

"ಗಾಜು ಸಿಕ್ತು!"

"ಅದು ಫಲ್ಗುಣ ಕುಡ್ದು ಬಿಸಾಕಿದ್ದು" ಎಂದೆ.

"ಥೂ, ಕಾನ್ವೆಂಟಿನ ಬಾಯಿ!"

ನಾವು ನಕ್ಕ ನಗೆ ಆಚೆ ದಡಕ್ಕೆ ತಾಗಿ ವಾಪಸು ಬಂತು. ಮೂರು ಜನ ನಕ್ಕ ಹಾಗೆ ಕೇಳಿಸಿತು. ಅಕ್ಕ ಜರಡಿ ಕೆಳಗಿಟ್ಟು ಆ ಕಡೆಗೇ ನೋಡುತ್ತ ನಿಂತಳು. ಬೊಡ್ಡೆಗಳು ದೂರದಿಂದ ನಿಂತ ಮನುಷ್ಯರ ಹಾಗೆಯೇ ಕಾಣುತ್ತವೆ. ಎಷ್ಟೋ ಸಲ ನಾನೂ ಮೋಸ ಹೋಗಿದ್ದೇನೆ. ಅಲುಗಾಡುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಕಣ್ಣು ಮಿಟುಕಿಸದೆ ನೋಡಬೇಕು; ಹಾಗೆ ನೋಡಿದಷ್ಟೂ ಅಲುಗಾಡಿದ ಹಾಗೆ ಕಾಣುತ್ತದೆ.

ಗಾಜು ಸಿಕ್ಕಿದ್ದು ನಮ್ಮ ಹುಡುಕಾಟದ ಕೊನೆಯ ಬೇಸಗೆಯಲ್ಲಿ. ಕವಲು ಬೊಡ್ಡೆಯಿಂದ ಹೊಳೆಯ ಕಡೆಗೆ ತುಸು ಕೆಳಗೆ ಅಕ್ಕನ ಬೆರಳಿಗೇ ತಾಗಿತು. ಮಜ್ಜಿಗೆಹುಲ್ಲಿನ ದಂಟಿನಷ್ಟು ದಪ್ಪ, ಗೇಣಿಗಿಂತ ಕಡಿಮೆ ಉದ್ದ. ಹೊರಗೆಲ್ಲ ಮರಳು ಅಂಟಿಕೊಂಡು ಒರಟು. ತುದಿಯಲ್ಲಿ ತೂತು, ಬಿಸಿಲಿಗೆ ಹಿಡಿದರೆ ಒಳಗೆ ಶಂಖದ ಒಳಮೈಯಂಥ ನುಣುಪು. ಬೇರಲ್ಲ, ಚಿಪ್ಪಲ್ಲ.

"ಇದೇಯನೇ ಕೂಸೆ?"

"ಇದೇ ಅಕ್ಕಾ."

ಅವಳು ಮರಳ ಮೇಲೆ ಕೂತಳು. ಈಗ ಅಳುತ್ತಾಳೆ ಎಂದು ನಾನೂ ಪಕ್ಕದಲ್ಲಿ ಕೂತು ಬೆನ್ನಿಗೆ ಕೈ ಇಟ್ಟೆ. ಅಕ್ಕ ಆ ಕಡ್ಡಿಯನ್ನು ಕಿವಿಗೆ ಹಿಡಿದಳು, ತೂತಿಗೆ ಮೆಲ್ಲಗೆ ಊದಿದಳು. ಒಂದಿಷ್ಟು ಮರಳು ಉದುರಿತು. ಆಮೇಲೆ ನನ್ನ ಕಡೆ ತಿರುಗಿದಳು. ಮುಖ ಬೆಳಗಿತ್ತು.

"ನೋಡಿದ್ಯಾ! ಸಿಡಿಲು ನೆಲಕ್ಕೆ ಹೋಗಿದ್ದು. ನಿನ್ನ ಭಾವಂಗೆ ತಾಗಿದ್ದಿಲ್ಲೆ."

"ಅಕ್ಕಾ…"

"ಆನು ಹೆಸರು ಪೂರ್ತಿ ಹೇಳಿದ್ದಿ ಅಲ್ದಾ ಅವತ್ತು? ಫಲ್ಗುಣ ಹಿಡ್ಕಂಡ. ಹಿಡ್ದು ಮಣ್ಣಿಗೆ ಇಳಿಸಿದ. ಅವನ ಹೆಸರೇ ಇಟ್ಟಿದ್ವಲೇ ಇದಕ್ಕೆ, ನಿಂಗಳ ಇಂಗ್ಲಿಷಿನವೇ!"

ನಾನು ತಂದ ಶಬ್ದ ಅದು. ಅದನ್ನು ವಾಪಸು ಪಡೆಯುವುದು ಹೇಗೆ? ನೆಲಕ್ಕೆ ಇಳಿದ ಸಿಡಿಲು ಹತ್ತಿರ ನಿಂತವರನ್ನೂ ಕೊಲ್ಲುತ್ತದೆ, ಈ ಗಾಜು ಆ ದಿನದ ಸಿಡಿಲಿನದೇ ಎಂದು ಯಾರು ಹೇಳಬೇಕು, ಇವೆಲ್ಲ ನನ್ನ ನಾಲಿಗೆಯ ತುದಿಯಲ್ಲಿದ್ದವು. ಅವಳು ಆಗಲೇ ಗಾಜನ್ನು ಸೆರಗಿಗೆ ಸುತ್ತಿಕೊಂಡು ಎದ್ದಿದ್ದಳು. ಮೈದುನ ದಿಬ್ಬದ ಮೇಲೆ ಕಾಯುತ್ತಿದ್ದ. ಕೇಳಿ, ತಲೆ ಮೇಲೆ ಕೈ ಹೊತ್ತು ಕೂತ. "ಅತ್ತಿಗೇ, ಇದು ಉಲ್ಟಾ ಆತಲೇ!" ಅಕ್ಕ ಒಳಗೆ ಹೋಗಿ ಕನ್ನಡಿಯ ಮುಂದೆ ನಿಂತು ಕುಂಕುಮ ಇಟ್ಟುಕೊಂಡಳು. ದುಂಡಗೆ, ಹಣೆಯ ಸರಿ ನಡುವೆ.

ಮಳೆಗೆ ಮುಂಚೆ ತೀರ್ಥಹಳ್ಳಿ ಹತ್ತಿರದ ಮೇಳಿಗೆಯಿಂದ ದೂರದ ಸಂಬಂಧಿಯೊಬ್ಬರ ಫೋನ್ ಬಂತು, ಅಲ್ಲಿ ಭಾವನ ಹಾಗೆ ಕಾಣುವವರೊಬ್ಬರು ಓಡಾಡುತ್ತಾರಂತೆ. ಅಕ್ಕ ಹೊರಟಳು. ಅಲ್ಲಿಯೇ ಜ್ವರ ಹಿಡಿದು, ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ಹೋದಳು. ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೈದುನನೇ ಮುಂದೆ ನಿಂತು ಅರಿಸಿನ ಕುಂಕುಮ ಹಚ್ಚಿಸಿ ಮುತ್ತೈದೆಯಾಗಿಯೇ ಕಳಿಸಿದನಂತೆ. "ಬೇರೆ ಎಂತ ಮಾಡಲೂ ಕೈ ಬರ್ಲಿಲ್ಲೆ" ಎಂದ. ಅವಳ ಚೀಲದಲ್ಲಿ ಗಾಜು ಇರಲಿಲ್ಲ. ಯಾರಿಗೆ ಕೊಟ್ಟಳೋ.

ಹಾಗಾಗಿ ನಾನು ಅವಳನ್ನು ಕೊನೆಯ ಸಲ ಕಂಡದ್ದು ಸಾಗರದ ಬಸ್‌ಸ್ಟ್ಯಾಂಡಿನಲ್ಲಿ. ತೀರ್ಥಹಳ್ಳಿ ಬಸ್ಸು ತುಂಬಿ ತುಳುಕುತ್ತಿತ್ತು. ಅಕ್ಕ ಕಿಟಕಿ ಪಕ್ಕ ಕೂತಿದ್ದಳು. ಪಕ್ಕದ ಸೀಟಿಗೆ ಟವೆಲ್ ಹಾಸಿದ್ದಳು. ಸೀಟು ಹಿಡಿಯಲು ಎಲ್ಲರೂ ಹಾಕುವ ಹಾಗೆಯೇ. ಕೆಂಪು ಅಂಚಿನ ಆ ಟವೆಲ್ ಭಾವನದು. ಬರುವಾಗ ಅವರಿಗೆ ಬೇಕಾಗುತ್ತದಲ್ಲ ಎಂದು ನನ್ನ ಮನೆಯಲ್ಲಿಯೇ ಹೇಳಿ ಮಡಚಿ ಇಟ್ಟುಕೊಂಡಿದ್ದಳು. ಮೂಟೆ ಹೊತ್ತ ಹೆಂಗಸೊಬ್ಬಳು ಹತ್ತಿ ಬಂದು ನಿಂತಳು.

"ಅಮ್ಮಾ, ಇಲ್ಲಿ ಯಾರಾದ್ರೂ ಇದಾರಾ?"

"ಇದ್ದ."

"ಇದ್ರಾ? ಎದ್ದು ಹೋದ್ರಾ? ಹಂಗಾರೆ ಕೂತ್ಕಳ್ಲಾ?"

"ಇದ್ದ," ಎಂದಳು ಅಕ್ಕ, ಇನ್ನೂ ಗಟ್ಟಿಯಾಗಿ.

ಆ ಹೆಂಗಸು ಅರ್ಥವಾಗದೆ, ಕಿಟಕಿಯ ಕೆಳಗೆ ನಿಂತಿದ್ದ ನನ್ನ ಮುಖ ನೋಡಿದಳು. ಜೀವಮಾನವೆಲ್ಲ ಮಕ್ಕಳಿಗೆ ಪಾಸ್ಟ್ ಟೆನ್ಸ್, ಪ್ರೆಸೆಂಟ್ ಟೆನ್ಸ್ ತಿದ್ದಿದವಳು ನಾನು. ಬಸ್ಸು ಹೊರಟಿತು. ಗಾಳಿಗೆ ಹಾರದಂತೆ ಅಕ್ಕ ಆ ಟವೆಲಿನ ಮೇಲೆ ಅಂಗೈ ಊರಿ ಹಿಡಿದಿದ್ದಳು.